ಗೇಟಿನ ಮೇಲಿನ ಐರಿಷ್ ಶಿಲುಬೆ: ದೇವಾಲಯದ ಕಲೆ ಮತ್ತು ನಮ್ಮ ಹೊಣೆ

ಬಸವೇಶ್ವರನಗರದಿಂದ ಕಾಮಾಕ್ಷಿಪಾಳ್ಯದ ಕಡೆಗೆ ನಡೆದು ಹೋಗುತ್ತಿದ್ದಾಗ ವೆಲ್ಡಿಂಗ್ ಅಂಗಡಿಯೊಂದರ ಗೋಡೆಗೆ ಒರಗಿಸಿದ್ದ ಕಬ್ಬಿಣದ ಗೇಟು ಕಣ್ಣಿಗೆ ಬಿತ್ತು. ಕೆಂಗೇರಿಯ ಆಚೆ ಕಟ್ಟಲಾಗುತ್ತಿದ್ದ ಒಂದು ಹೊಸ ದೇವಾಲಯಕ್ಕಾಗಿ ಅದನ್ನು ಮಾಡಲಾಗಿತ್ತು. ಎರಡು ಬಾಗಿಲುಗಳ ಮೇಲೂ ಶಿಲುಬೆ. ಶಿಲುಬೆಯ ತೋಳುಗಳನ್ನು ಬಳಸಿ ಒಂದು ವೃತ್ತ. ತೋಳುಗಳ ಒಳಗೆ ಹೆಣೆದ ಹಗ್ಗದಂತಹ ಅಲಂಕಾರ. ನಿಲುವಂಗಿಯನ್ನು ನೋಡಿ ನನ್ನನ್ನು ಗುರುತಿಸಿದ ಮೇಸ್ತ್ರಿ, ಸಮಿತಿಯವರು ಮೊಬೈಲಿನಲ್ಲಿ ಕಳುಹಿಸಿದ ಚಿತ್ರವನ್ನು ತೋರಿಸಿ, "ಇದು ಯಾವ ದೇಶದ ಶಿಲುಬೆ ಫಾದರ್?" ಎಂದು ಕೇಳಿದರು. ಐರ್ಲೆಂಡ್ ಎಂಬ ದೇಶದ್ದು ಎಂದೆ. "ಹಾಗಾದರೆ ನಮ್ಮದು ಹೇಗಿರುತ್ತದೆ?" ಎಂಬುದು ಅವರ ಮರುಪ್ರಶ್ನೆ. ಆ ದಿನ ಉತ್ತರ ಕೊಡದೆ ಮುಂದೆ ನಡೆದೆ.

ಈ ವೃತ್ತದ ಶಿಲುಬೆ ಬೆಂಗಳೂರಿಗೆ ಹೊಸತೇನಲ್ಲ. ದಂಡು ಪ್ರದೇಶದಲ್ಲಿ ಐರಿಷ್ ಸೈನಿಕರು ಬಹುಕಾಲ ನೆಲೆಸಿದ್ದರು. 1840ರ ದಶಕದಲ್ಲಿ ಎದ್ದ ಸಂತ ಪ್ಯಾಟ್ರಿಕ್ಕರ ದೇವಾಲಯ ಅವರ ನೆನಪನ್ನು ಹೆಸರಿನಲ್ಲಿಯೇ ಹೊತ್ತಿದೆ. ಹೊಸೂರು ರಸ್ತೆಯ ಹಳೆಯ ಸ್ಮಶಾನದ ಗೋರಿಗಳ ಮೇಲೆ ವೃತ್ತದ ಶಿಲುಬೆಗಳು ನಿಂತಿವೆ. ಅಲ್ಲಿ ಅವು ಯಾರದೋ ತವರಿನ ಗುರುತು. ಕೆಂಗೇರಿಯ ಗೇಟಿನ ಮೇಲೆ ಅದೇ ಆಕೃತಿ ಬಂದಾಗ ಅದು ಯಾರ ತವರನ್ನೂ ನೆನಪಿಸುವುದಿಲ್ಲ. ಮೊಬೈಲಿನಲ್ಲಿ ಸುಲಭವಾಗಿ ಸಿಕ್ಕಿತು ಎಂಬುದೇ ಅದು ಬರಲು ಕಾರಣ. ಆದರೆ ಆ ಆಕೃತಿಯನ್ನು ಹುಟ್ಟಿಸಿದ ಐರಿಷ್ ಸಭೆಯ ಕಥೆಯನ್ನು ನಾವು ತುಸು ಗಮನವಿಟ್ಟು ಓದಿದರೆ, ಮೇಸ್ತ್ರಿಯ ಎರಡನೆಯ ಪ್ರಶ್ನೆಗೆ ಅಲ್ಲಿಂದಲೇ ಬೆಳಕು ಸಿಗುತ್ತದೆ. ಆ ಕಥೆಯ ಒಂದು ಎಳೆ ನಮ್ಮ ಮೈಸೂರಿನವರೆಗೂ ಬಂದಿದೆ.

ಐರ್ಲೆಂಡಿನ ಕಲ್ಲಿನ ಶಿಲುಬೆಗಳಲ್ಲಿ ಪ್ರಸಿದ್ಧವಾದುದು ಮೊನಾಸ್ಟರ್‌ಬಾಯ್ಸ್ ಎಂಬ ಸನ್ಯಾಸಿಮಠದ ಬಯಲಿನಲ್ಲಿರುವ ಮುಯಿರೆಡಾಕ್ ಶಿಲುಬೆ. ಅದರ ಎತ್ತರ ಸುಮಾರು ಐದೂವರೆ ಮೀಟರ್. ಅದು 9-10ನೆಯ ಶತಮಾನದ್ದೆಂದು ವಿದ್ವಾಂಸರ ಎಣಿಕೆ. ಪೂರ್ವಮುಖದಲ್ಲಿ ಅಂತಿಮ ತೀರ್ಪು, ಪಶ್ಚಿಮಮುಖದಲ್ಲಿ ಕ್ರಿಸ್ತರ ಶಿಲುಬೆಯ ಮರಣ. ಕೆಳಗೆ ಅದನ್ನು ಮಾಡಿಸಿದ ಮುಯಿರೆಡಾಕನಿಗಾಗಿ ಪ್ರಾರ್ಥಿಸಿರೆಂಬ ಬರಹ. ಕೆತ್ತಿದವನ ಹೆಸರಿಲ್ಲ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಸುಮಾರು 890ರಲ್ಲಿ, ನಮ್ಮ ಬೇಗೂರಿನಲ್ಲಿ 'ಬೆಂಗಳೂರು' ಎಂಬ ಹೆಸರನ್ನು ಮೊದಲು ದಾಖಲಿಸಿದ ವೀರಗಲ್ಲು ನಿಂತಿತು. ಇವೆರಡಕ್ಕೂ ಚರಿತ್ರೆಯ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಎರಡರ ರೀತಿ ಒಂದೇ: ಅಕ್ಷರ ಬಾರದವರ ಕಣ್ಣಿಗಾಗಿ ಬಯಲಿನಲ್ಲಿ ನಿಲ್ಲಿಸಿದ ಕಲ್ಲು, ಸತ್ತವರ ನೆನಪು, ಪರಲೋಕದ ನಿರೀಕ್ಷೆ. ವೀರಗಲ್ಲಿನ ಮೇಲ್ಪಟ್ಟಿಕೆಯಲ್ಲಿ ವೀರನು ಸ್ವರ್ಗಸ್ಥನಾಗುವಂತೆ ಮುಯಿರೆಡಾಕ್ ಶಿಲುಬೆಯ ನಡುವೆ ಕ್ರಿಸ್ತರು ತೀರ್ಪಿಗೆ ನಿಂತಿದ್ದಾರೆ. ವೀರಗಲ್ಲನ್ನು ನೋಡಿ ಬೆಳೆದ ಕಣ್ಣಿಗೆ ಐರಿಷ್ ಶಿಲುಬೆಯನ್ನು ಓದುವುದು ಕಷ್ಟವಾಗದು.

ಆ ಕಾಲದ ಐರಿಷ್ ಕಲೆಯ ಶಿಖರವೆಂದರೆ ಕೆಲ್ಸ್ ಗ್ರಂಥ. ಕ್ರಿ.ಶ. 800ರ ಸುಮಾರಿಗೆ ಸಂತ ಕೊಲಂಬಾರ ಪರಂಪರೆಯ ಸನ್ಯಾಸಿಗಳು ಕರುವಿನ ಚರ್ಮದ ಹಾಳೆಗಳ ಮೇಲೆ ಬರೆದ ನಾಲ್ಕು ಶುಭಸಂದೇಶಗಳ ಲತೀನ್ ಪ್ರತಿ ಇದು. ಇಂದು 340 ಹಾಳೆಗಳು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಉಳಿದಿವೆ. ಅದರಲ್ಲಿ ಚಿನ್ನವನ್ನು ಬಳಸಿಲ್ಲ. ಚಿನ್ನದಂತೆ ಹೊಳೆಯುವ ಹಳದಿ ಹರಿತಾಳದ್ದು. ಲಿಪಿಕಾರರು ತಪ್ಪುಗಳನ್ನೂ ಮಾಡಿದ್ದಾರೆ. ಮತ್ತಾಯ 10:34ರಲ್ಲಿ 'ಖಡ್ಗ' ಎಂಬ ಅರ್ಥದ ಲತೀನ್ ಪದವಿರಬೇಕಾದ ಕಡೆ ಒಂದೆರಡು ಅಕ್ಷರ ಹೆಚ್ಚುಕಡಿಮೆಯಾಗಿ 'ಸಂತೋಷ' ಎಂದಾಗಿದೆ. ಬೋಧನೆಯ ತಯಾರಿಯಲ್ಲಿ ತೊಡಗಿರುವ ಸಹೋದರರಿಗೆ ಇದರಿಂದ ಸಮಾಧಾನವಾದೀತು.

ಆ ಗ್ರಂಥದ ಒಂದೇ ಒಂದು ಪುಟದ ಬಳಿ ಹೆಚ್ಚು ಹೊತ್ತು ನಿಲ್ಲಬೇಕು. ಮತ್ತಾಯ 1:18ರಲ್ಲಿ, ವಂಶಾವಳಿ ಮುಗಿದು ಯೇಸುವಿನ ಜನನದ ವೃತ್ತಾಂತ ಆರಂಭವಾಗುವಲ್ಲಿ, ಕ್ರಿಸ್ತ ಎಂಬ ಹೆಸರಿನ ಮೊದಲ ಗ್ರೀಕ್ ಅಕ್ಷರಗಳು ಇಡೀ ಪುಟವನ್ನು ಆವರಿಸಿವೆ. ದೂರದಿಂದ ಅದು ಸುರುಳಿಗಳ ಒಂದು ಕಾಡು. ಹತ್ತಿರ ಹೋದರೆ ಅಕ್ಷರದ ಬಳುಕಿನ ನಡುವೆ ಮನುಷ್ಯರ ಮುಖಗಳು, ರೆಕ್ಕೆ ಬಿಚ್ಚಿದ ಪತಂಗಗಳು. ಕೆಳಗಡೆ ಎರಡು ಇಲಿಗಳು ದುಂಡನೆಯ ರೊಟ್ಟಿಯೊಂದನ್ನು ಕಚ್ಚಿ ಹಿಡಿದಿವೆ. ಅದನ್ನು ಪರಮಪ್ರಸಾದದ ರೊಟ್ಟಿಯೆಂದೇ ಹಲವರು ಓದುತ್ತಾರೆ. ಪಕ್ಕದಲ್ಲಿ ಬೆಕ್ಕುಗಳು ನೋಡುತ್ತಾ ಕುಳಿತಿವೆ. ಇನ್ನೊಂದು ಮೂಲೆಯಲ್ಲಿ ನೀರುನಾಯಿಯೊಂದು ಮೀನನ್ನು ಹಿಡಿದಿದೆ. ವಾಕ್ಯವು ಮಾಂಸವಾದ ರಹಸ್ಯವನ್ನು ಸಾರುವ ಪುಟಕ್ಕೆ ಆ ಸನ್ಯಾಸಿ ತನ್ನ ಮಠದ ಅಡುಗೆಮನೆಯ ಬೆಕ್ಕನ್ನೂ ಹೊಳೆಯ ನೀರುನಾಯಿಯನ್ನೂ ಕರೆತಂದಿದ್ದಾನೆ. ನರಾವತಾರದ ಬಗ್ಗೆ ತರಗತಿಯಲ್ಲಿ ನಾವು ಹೇಳುವ ಮಾತು ಅಲ್ಲಿ ಬಣ್ಣವಾಗಿದೆ. ಅಂದ ಮೇಲೆ ಆ ಕಲೆ ಅಪ್ಪಟ ಐರಿಷ್ ಎಂದುಕೊಳ್ಳುವಂತಿಲ್ಲ. ಈಜಿಪ್ಟಿನ ಕೋಪ್ಟಿಕ್ ಹೆಣಿಗೆ, ಮೆಡಿಟರೇನಿಯನ್ ತೀರದ ದೇವಮಾತೆಯ ಚಿತ್ರಪದ್ಧತಿ, ನೆರೆಯ ಪಿಕ್ಟ್ ಮತ್ತು ಆಂಗ್ಲೋ-ಸ್ಯಾಕ್ಸನ್ ಕುಸುರಿ ಎಲ್ಲವೂ ಅದರಲ್ಲಿ ಬೆರೆತಿವೆ. ಹೊರಗಿನಿಂದ ಬಂದದ್ದೆಲ್ಲ ಅಲ್ಲಿನ ಕೈಗಳ ಮೂಲಕ ಹಾದುಹೋಯಿತು. ಅಂದರೆ, ಬೇರೆ ಊರಿನ ಆಕೃತಿಯನ್ನು ಪಡೆದ ಮಾತ್ರಕ್ಕೆ ಕೆಂಗೇರಿಯ ಗೇಟು ತಪ್ಪಾಗುವುದಿಲ್ಲ. ಅದು ಯಾರ ಮನಸ್ಸಿನ ಮೂಲಕವೂ ಹಾದುಬರಲಿಲ್ಲ ಎಂಬುದೇ ನನ್ನ ತಕರಾರು.

ಇಷ್ಟು ಶ್ರೀಮಂತ ಪರಂಪರೆಯ ಐರ್ಲೆಂಡೇ ಸಾವಿರ ವರ್ಷಗಳ ನಂತರ ನಮ್ಮ ಸ್ಥಿತಿಗೆ ಬಂದಿತ್ತು. ದಂಡನಾ ಕಾನೂನುಗಳ ಕಾಲ ಕಳೆದು 1829ರಲ್ಲಿ ಕಥೋಲಿಕರಿಗೆ ನಾಗರಿಕ ಹಕ್ಕುಗಳು ದೊರೆತ ಮೇಲೆ ಊರೂರಿನಲ್ಲಿ ದೇವಾಲಯಗಳು ಎದ್ದವು. ಮಹಾಕ್ಷಾಮದಿಂದ ಹಣ್ಣಾದ ಜನ ತಮ್ಮ ಕಾಸನ್ನು ಕೂಡಿಸಿ ಕಟ್ಟಿದ ಗುಡಿಗಳವು. ಅವರ ಭಕ್ತಿಯ ಬಗ್ಗೆ ಸಂಶಯವಿಲ್ಲ. ಆದರೆ ಒಳಗಿನ ಬಣ್ಣದ ಗಾಜು ಮ್ಯೂನಿಕ್ ಮತ್ತು ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳಿಂದ ಬಂತು. ಪ್ರತಿಮೆಗಳನ್ನು ಕ್ಯಾಟಲಾಗು ನೋಡಿ ಆರಿಸಿದರು. ಸಂತ ಪ್ಯಾಟ್ರಿಕ್ಕರೇ ಬವೇರಿಯದ ಬಿಷಪರಂತೆ ಕಾಣತೊಡಗಿದರು.

ಎಡ್ವರ್ಡ್ ಮಾರ್ಟಿನ್ ಎಂಬ ಗಾಲ್ವೇ ಪ್ರಾಂತದ ಜಮೀನುದಾರರು ಇದನ್ನು ಸಹಿಸದೆ ಗುರುಗಳನ್ನೂ ಬಿಷಪರನ್ನೂ ಕಾಡಿದರು. 1903ರಲ್ಲಿ ಚಿತ್ರಕಾರ್ತಿ ಸಾರಾ ಪರ್ಸರ್ ಡಬ್ಲಿನ್ನಿನಲ್ಲಿ 'ಆನ್ ತೂರ್ ಗ್ಲಿನೆ', ಅಂದರೆ 'ಗಾಜಿನ ಗೋಪುರ', ಎಂಬ ಕಾರ್ಯಾಗಾರವನ್ನು ತೆರೆದರು. ಪರ್ಸರ್ ಪ್ರೊಟೆಸ್ಟೆಂಟ್ ಮನೆತನದವರು, ಮಾರ್ಟಿನ್ ಕಥೋಲಿಕರು ಎಂಬುದನ್ನು ಇಲ್ಲಿ ಗಮನಿಸಬೇಕು. ಕಾರ್ಯಾಗಾರದ ನಿಯಮ ಸರಳವಾಗಿತ್ತು: ಒಂದು ಕಿಟಕಿಯ ಚಿತ್ರ ಬರೆಯುವುದರಿಂದ ಗಾಜನ್ನು ಆರಿಸಿ, ಬಣ್ಣ ಹಚ್ಚಿ, ಸುಟ್ಟು ಮುಗಿಸುವವರೆಗೆ ಒಬ್ಬನೇ ಕಲಾವಿದ ಹೊಣೆಗಾರ. ಲಾಕ್‌ರೇ ಪಟ್ಟಣದ ಸಂತ ಬ್ರೆಂಡನ್ನರ ಪ್ರಧಾನಾಲಯಕ್ಕೆ ಈ ಕಾರ್ಯಾಗಾರದ ಗಾಜುಗಳು ದಶಕಗಳ ಕಾಲ ಒಂದೊಂದಾಗಿ ಬಂದವು. ಎಲ್ಲವನ್ನೂ ಪ್ರತಿಷ್ಠಾಪನೆಯ ದಿನಕ್ಕೇ ಮುಗಿಸಬೇಕೆಂಬ ಅವಸರ ಅಲ್ಲಿರಲಿಲ್ಲ. ಅದೇ ಆಲಯಕ್ಕೆ ಐರಿಷ್ ಸಂತರ ಕಸೂತಿ ಧ್ವಜಗಳನ್ನು ಡನ್ ಏಮರ್ ಎಂಬ ಸ್ತ್ರೀಯರ ಕೈಕಸುಬಿನ ಸಂಘ ಹೊಲಿದುಕೊಟ್ಟಿತು. ಕಾರ್ಕ್ ನಗರದ ಹೋನನ್ ಪ್ರಾರ್ಥನಾಲಯ 1916ರಲ್ಲಿ ಪ್ರತಿಷ್ಠಾಪನೆಗೊಂಡಾಗ ಅದರ ಹತ್ತೊಂಬತ್ತು ಕಿಟಕಿಗಳಲ್ಲಿ ಹನ್ನೊಂದನ್ನು ಮಾಡಿದವನು ಇನ್ನೂ ಮೂವತ್ತು ದಾಟದ ಹ್ಯಾರಿ ಕ್ಲಾರ್ಕ್. ಉಳಿದ ಎಂಟು ಗಾಜಿನ ಗೋಪುರದವರದು. ಕ್ಲಾರ್ಕನ ಆ ಕಡುನೀಲಿಯನ್ನು ಪುಸ್ತಕದ ಮುದ್ರಣದಲ್ಲಿ ನೋಡಿ ತಿಳಿಯಲಾಗದೆಂದು ಕಂಡವರೆಲ್ಲ ಹೇಳುತ್ತಾರೆ.

ಈ ಪುನರುಜ್ಜೀವನದ ಮಾತು ಭಾರತಕ್ಕೆ ಬಂದದ್ದು ಇಬ್ಬರು ಐರಿಷರ ಮೂಲಕ. ಒಬ್ಬರು ಡಂಗ್ಯಾನನ್ ಪಟ್ಟಣದಲ್ಲಿ ಕ್ರೈಸ್ತ ಬೋಧಕರ ಮಗಳಾಗಿ ಹುಟ್ಟಿದ ಮಾರ್ಗರೆಟ್ ನೋಬಲ್, ಅಂದರೆ ಸೋದರಿ ನಿವೇದಿತಾ. ಅವನೀಂದ್ರನಾಥ ಠಾಕೂರರ ಬಳಗದ ಹೊಸ ಚಿತ್ರಕಲೆಯನ್ನು ಅವರು ಹುರಿದುಂಬಿಸಿದರು. ಅವರು ಆರಂಭಿಸಿ, ಅವರ ಮರಣದ ನಂತರ ಆನಂದ ಕುಮಾರಸ್ವಾಮಿ ಪೂರ್ಣಗೊಳಿಸಿ 1913ರಲ್ಲಿ ಹೊರಬಂದ ಪುರಾಣಕಥೆಗಳ ಗ್ರಂಥಕ್ಕೆ ಚಿತ್ರ ಬರೆದವರಲ್ಲಿ ಮೈಸೂರಿನ ಕೆ. ವೆಂಕಟಪ್ಪನವರೂ ಒಬ್ಬರು. ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥರ ಶಿಷ್ಯರಾಗಿ ಮರಳಿದ ಆ ಕಲಾವಿದರ ಹೆಸರಿನ ಚಿತ್ರಶಾಲೆ ಇಂದು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿದೆ.

ಇನ್ನೊಬ್ಬರು ಜೇಮ್ಸ್ ಕಸಿನ್ಸ್. 1873ರಲ್ಲಿ ಬೆಲ್‌ಫಾಸ್ಟಿನ ಮೆಥೊಡಿಸ್ಟ್ ಕುಟುಂಬದಲ್ಲಿ ಹುಟ್ಟಿ, ಡಬ್ಲಿನ್ನಿನಲ್ಲಿ ಯೇಟ್ಸ್ ಮೊದಲಾದವರ ಒಡನಾಟದಲ್ಲಿ ಕವಿಯಾಗಿ, 1915ರಲ್ಲಿ ಆನಿ ಬೆಸೆಂಟರ ಕರೆಯ ಮೇರೆಗೆ ಪತ್ನಿ ಮಾರ್ಗರೆಟ್ ಜೊತೆ ಭಾರತಕ್ಕೆ ಬಂದವರು. ಅವರು ಕ್ರೈಸ್ತ ವಿಶ್ವಾಸದಿಂದ ದೂರ ಸರಿದು ಥಿಯಾಸಫಿಯನ್ನು ಹಿಡಿದರು. ಅವರನ್ನು ನಮ್ಮವರೆಂದು ಸಾಧಿಸುವ ಪ್ರಯತ್ನ ಬೇಡ. ಆದರೆ 1920ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಆಧುನಿಕ ಭಾರತೀಯ ಚಿತ್ರಗಳ ಸಂಗ್ರಹವು ಸಾರ್ವಜನಿಕರ ಕಣ್ಣಿಗೆ ಬೀಳುವಂತಾಗಲು ಮಹಾರಾಜರಿಗೆ ಸಲಹೆ ನೀಡಿ ದುಡಿದವರಲ್ಲಿ ಅವರು ಪ್ರಮುಖರು. ಪರಕೀಯ ಮಾದರಿಗಳನ್ನು ನಕಲು ಮಾಡುವ ರಾಷ್ಟ್ರ ತನ್ನ ಕಣ್ಣನ್ನೇ ಕಳೆದುಕೊಳ್ಳುತ್ತದೆ ಎಂಬುದು ಅವರ ಬರಹಗಳ ಒಟ್ಟು ಧೋರಣೆ. ಡಬ್ಲಿನ್ನಿನಲ್ಲಿ ಕಂಡುಂಡದ್ದನ್ನೇ ಅವರು ಇಲ್ಲಿ ಹೇಳಿದರು. 1924ರಲ್ಲಿ ಮೈಸೂರಿನ ವೆಸ್ಲಿಯನ್ ಮಿಷನ್ ಶಾಲೆಯಲ್ಲಿ ಓದಿದ ಒಬ್ಬ ತರುಣ ತನ್ನ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಿದಾಗ, ನಿನ್ನ ಭಾಷೆಯಲ್ಲಿ ಏಕೆ ಬರೆಯುವುದಿಲ್ಲ ಎಂದು ಕೇಳಿದರು. ಆ ತರುಣ ಕುವೆಂಪು. ಕನ್ನಡಿಗರೆಲ್ಲ ಬಲ್ಲ ಈ ಪ್ರಸಂಗ ಐರಿಷ್ ಪುನರುಜ್ಜೀವನದ ಒಂದು ಫಲವೆಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ಅದೇ ಮೈಸೂರಿನಲ್ಲಿ, ಆ ಭೇಟಿಯಾಗಿ ಒಂಬತ್ತು ವರ್ಷಗಳ ನಂತರ, 1933ರಲ್ಲಿ ಸಂತ ಫಿಲೋಮಿನರ ಪ್ರಧಾನಾಲಯಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಮಾದರಿ ಜರ್ಮನಿಯ ಕಲೋನ್ ಪ್ರಧಾನಾಲಯ. ಬಣ್ಣದ ಗಾಜು ಫ್ರಾನ್ಸಿನಿಂದ. ಆ ಆಲಯವನ್ನು ನಾನು ಪ್ರೀತಿಸುತ್ತೇನೆ; ಸಂಜೆಯ ಬಿಸಿಲಿನಲ್ಲಿ ಅದರ ಜೋಡಿ ಗೋಪುರಗಳನ್ನು ಕಂಡ ಯಾರೂ ಅದನ್ನು ಹಗುರವಾಗಿ ಕಾಣಲಾರರು. ಆದರೂ ಒಬ್ಬ ಐರಿಷ್ ಥಿಯಾಸಫಿಸ್ಟನ ಪ್ರಶ್ನೆ ಕನ್ನಡ ಕಾವ್ಯಕ್ಕೆ ತಾಕಿತು, ಆ ನಗರದ ಸಭೆಗೆ ತಾಕಲಿಲ್ಲ ಎಂಬುದು ಚಿಂತಿಸಬೇಕಾದ ಮಾತು.

ನಗರದ ಪಶ್ಚಿಮದಲ್ಲಿಯೇ ಆ ಪ್ರಶ್ನೆಯನ್ನು ಬೇರೆ ದಾರಿಯಿಂದ ಎದುರಿಸಿದವರಿದ್ದಾರೆ. 1955ರಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸ್, ಬೆನೆಡಿಕ್ಟ್ ಆಲಪ್ಪಾಟ್ ಅವರೊಂದಿಗೆ ಕೆಂಗೇರಿಯಲ್ಲಿ ಮಠ ಕಟ್ಟಲು ಯತ್ನಿಸಿದರು. ತಾವು ಸರಳವೆಂದು ತಿಳಿದ ಮಠದ ಜೀವನ ಸುತ್ತಲಿನ ಹಳ್ಳಿಗರ ಕಣ್ಣಿಗೆ ಪಾಶ್ಚಾತ್ಯರ ಅನುಕೂಲದ ಬದುಕಾಗಿ ಕಾಣುತ್ತಿತ್ತೆಂಬುದನ್ನು ಮುಂದೆ ಅವರೇ ಒಪ್ಪಿಕೊಂಡರು. 1958ರಲ್ಲಿ ಅವರು ಕೇರಳದ ಕುರಿಸುಮಲೆಗೆ ಹೊರಟುಹೋದರು. ಅವರ ಒಡನಾಟ ಪಡೆದ ಕಲಾವಿದ ಜ್ಯೋತಿ ಸಾಹಿ ಸಿಲುವೆಪುರದಲ್ಲಿ ನೆಲೆಸಿ ಕಲಾ ಆಶ್ರಮವನ್ನು ಬೆಳೆಸಿದರು. ಊರಿನ ಹೆಸರಿನಲ್ಲಿಯೇ ಶಿಲುಬೆಯಿದೆ. 1967ರಲ್ಲಿ ಡಿ.ಎಸ್. ಅಮಲೋರ್ಪವದಾಸರು ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರದ ಪ್ರಾರ್ಥನಾಲಯದಲ್ಲಿ ಸಾಹಿಯವರ ಕೈಯನ್ನು ಕಾಣಬಹುದು.

ಇಲ್ಲೊಂದು ಆಕ್ಷೇಪವನ್ನು ನೇರವಾಗಿ ಎದುರಿಸಬೇಕು. 'ನಮ್ಮದು' ಎಂದರೆ ಯಾರದು? ಕಮಲ, ದೀಪಸ್ತಂಭ, ಪದ್ಮಾಸನದ ಕ್ರಿಸ್ತ, ಓಂಕಾರದ ನೆನಪು ತರುವ ಅಕ್ಷರರೂಪ, ಇವು ನಮ್ಮ ವಿಶ್ವಾಸಿಗಳಲ್ಲಿ ಬಹುಪಾಲು ಜನರ ಪೂರ್ವಜರಿಗೆ ಬಾಗಿಲು ಮುಚ್ಚಿದ್ದ ಗುಡಿಗಳ ಭಾಷೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ನೀಡಿದ ಉಪನ್ಯಾಸದಿಂದ ಮೊಳೆತ ದಲಿತ ದೇವಶಾಸ್ತ್ರ ಈ ಗಾಯವನ್ನು ತೋರಿಸಿದೆ. ಭವ್ಯ ಗೋಥಿಕ್ ದೇವಾಲಯದ ಮುಂದೆ ನಿಂತಾಗ ತನ್ನ ಅಜ್ಜನಿಗೆ ಮೊದಲ ಬಾರಿ ತಲೆಯೆತ್ತಿ ಒಳಹೋಗುವ ಜಾಗ ಸಿಕ್ಕಿತ್ತು ಎಂದು ಒಬ್ಬ ಹಿರಿಯ ವಿಶ್ವಾಸಿ ನನಗೆ ಹೇಳಿದ್ದರು. ಆ ಮಾತಿಗೆ ಸೌಂದರ್ಯಶಾಸ್ತ್ರದಿಂದ ಉತ್ತರ ಕೊಡಲಾಗದು. ಐರಿಷ್ ಪುನರುಜ್ಜೀವನದಲ್ಲೂ ಇಂತಹ ಬಿರುಕಿತ್ತು. ಪುರಾತನ ಗೇಲಿಕ್ ವೈಭವವನ್ನು ಕೊಂಡಾಡಿದವರಲ್ಲಿ ಅನೇಕರು ಜಮೀನುದಾರ ವರ್ಗದವರು. ಅವರು ಮೆಚ್ಚಿದ ಹೆಣಿಗೆ ಕೊನೆಗೆ ಗೋರಿಕಲ್ಲು, ಬ್ರೂಚು, ಪ್ರವಾಸಿಗಳ ಚಹಾ ಬಟ್ಟಲುಗಳ ಮೇಲೆ ಅಚ್ಚಾಗಿ ಸವೆಯಿತು. ಕೆಂಗೇರಿಯ ಗೇಟಿಗೆ ಬಂದದ್ದು ಈ ಸವೆದ ರೂಪವೇ.

ಆದಕಾರಣ ಐರ್ಲೆಂಡಿನಿಂದ ಕಲಿಯಬೇಕಾದುದು ಅದರ ಆಕೃತಿಗಳನ್ನಲ್ಲ, ಅದರ ಕಾರ್ಯಾಗಾರವನ್ನು. ಎರಡನೆಯ ವ್ಯಾಟಿಕನ್ ಮಹಾಸಭೆಯ ಪವಿತ್ರ ಪೂಜಾವಿಧಿಯ ಸಂವಿಧಾನ (1963), ಸಭೆಯು ಯಾವುದೇ ಒಂದು ಕಲಾಶೈಲಿಯನ್ನು ತನ್ನದೆಂದು ಮಾಡಿಕೊಂಡಿಲ್ಲವೆಂದು 123ನೆಯ ವಿಧಿಯಲ್ಲಿ ಹೇಳುತ್ತದೆ. ಆಡಂಬರದ ವೆಚ್ಚಕ್ಕಿಂತ ಉದಾತ್ತ ಸೌಂದರ್ಯಕ್ಕೆ ಗಮನವಿರಲೆಂಬುದು 124ನೆಯ ವಿಧಿ. ಇವೆರಡನ್ನೂ ನಾವು ಆಗಾಗ ಉಲ್ಲೇಖಿಸುತ್ತೇವೆ. ಯಾರೂ ಉಲ್ಲೇಖಿಸದ 129ನೆಯ ವಿಧಿ ನೇರವಾಗಿ ಗುರುಮಠಗಳಿಗೆ ಸಂಬಂಧಿಸಿದ್ದು: ತತ್ವಶಾಸ್ತ್ರ ಮತ್ತು ದೇವಶಾಸ್ತ್ರವನ್ನು ಓದುವ ಕಾಲದಲ್ಲಿಯೇ ಗುರುವಿದ್ಯಾರ್ಥಿಗಳು ಪವಿತ್ರ ಕಲೆಯ ಇತಿಹಾಸವನ್ನೂ ತತ್ವಗಳನ್ನೂ ಕಲಿಯಬೇಕೆಂದು ಅದು ವಿಧಿಸುತ್ತದೆ, ಕಲಾವಿದರಿಗೆ ತಕ್ಕ ಸಲಹೆ ಕೊಡುವ ಶಕ್ತಿ ಅವರಿಗೆ ಬರಲೆಂದು. ನನ್ನ ವಿದ್ಯಾರ್ಥಿದೆಸೆಯಲ್ಲಿ ಈ ವಿಷಯಕ್ಕೆ ಸಿಕ್ಕಿದ್ದು ಒಂದು ಮಧ್ಯಾಹ್ನದ ಸ್ಲೈಡು ಪ್ರದರ್ಶನ. ಅದರಲ್ಲಿಯೂ ಕರೆಂಟು ಹೋಯಿತು.

ಹೀಗೆ ಹೊರಬಂದ ಗುರು ಅಥವಾ ಸಭಾಪಾಲಕ ನಾಲ್ಕಾರು ವರ್ಷಗಳಲ್ಲಿ ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಕಟ್ಟಡ ಸಮಿತಿಯ ಅಧ್ಯಕ್ಷತೆ ವಹಿಸುತ್ತಾನೆ. ಮೇಜಿನ ಮೇಲೆ ಎರಡು ಕೊಟೇಷನ್ ಇರುತ್ತವೆ; ಎರಡೂ ಫೈಬರ್ ಪ್ರತಿಮೆಯದು ಮತ್ತು ಗಾಜಿಗೆ ಅಂಟಿಸುವ ಬಣ್ಣದ ಹಾಳೆಯದು. ಕಡಿಮೆ ದರದವರಿಗೆ ಒಪ್ಪಿಸಿ ಸಭೆ ಮುಗಿಯುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಸಮಿತಿಯವರು ದುಡಿದ ಹಣವನ್ನು ಜೋಪಾನವಾಗಿ ಖರ್ಚುಮಾಡುತ್ತಿದ್ದಾರೆ. ಆದರೆ ಬೇರೆ ದಾರಿಯಿದೆ ಎಂದು ಹೇಳಬೇಕಾದವನಿಗೆ ಅದು ತಿಳಿದಿರುವುದಿಲ್ಲ. ಬಲಿಪೀಠದ ಹಿಂದಿನ ಒಂದೇ ಒಂದು ಕಿಟಕಿಯನ್ನು ಒಬ್ಬ ಕಲಾವಿದನಿಗೆ ಒಪ್ಪಿಸಿ, ಉಳಿದವನ್ನು ಸಾದಾ ಗಾಜಿನಲ್ಲಿಯೇ ಬಿಟ್ಟು, ಲಾಕ್‌ರೇಯವರಂತೆ ಹಣ ಬಂದಂತೆಲ್ಲ ಒಂದೊಂದಾಗಿ ತುಂಬಬಹುದು. ಚಿತ್ರಕಲಾ ಪರಿಷತ್ತಿನಿಂದ ಪ್ರತಿವರ್ಷ ಹೊರಬರುವ ತರುಣರಿಗೆ ಶುಭಸಂದೇಶದ ಒಂದು ಅಧ್ಯಾಯವನ್ನು ಕೊಟ್ಟು, ಆರು ತಿಂಗಳು ಧರ್ಮಕೇಂದ್ರದ ಜನರೊಂದಿಗೆ ಓಡಾಡಲು ಬಿಡಬಹುದು. ಆ ತರುಣ ಅಥವಾ ತರುಣಿ ಕ್ರೈಸ್ತರೇ ಆಗಿರಬೇಕೆಂದಿಲ್ಲ.

ಅಲ್ಲಿ ಬೆಕ್ಕು, ನೀರುನಾಯಿಗಳಿದ್ದ ಕಡೆ ಇಲ್ಲಿ ಏನು ಬರುತ್ತದೆಂಬುದನ್ನು ನಾವು ಮೊದಲೇ ನಿಗದಿ ಮಾಡಬಾರದು. ವೃಷಭಾವತಿಯ ದಡದಲ್ಲಿ ಬೆಳೆದ ಹುಡುಗಿಗೆ ಯೊರ್ದಾನ್ ನದಿ ಎಂದಾಗ ನೆನಪಾಗುವುದು ಕಾರ್ಖಾನೆಯ ನೊರೆಯೇ ಇರಬಹುದು. ದೀಕ್ಷಾಸ್ನಾನದ ಚಿತ್ರದಲ್ಲಿ ಆ ನೊರೆಯನ್ನು ಕಂಡು ಸಮಿತಿ ಬೆಚ್ಚಿಬೀಳಲೂಬಹುದು. ಆ ಹೊತ್ತಿನಲ್ಲಿ ಅವಳ ಪರವಾಗಿ ಮಾತನಾಡಬಲ್ಲ, ಅಗತ್ಯಬಿದ್ದರೆ ಇದು ಪೂಜೆಗೆ ಒದಗದೆಂದು ಕಾರಣಕೊಟ್ಟು ಹೇಳಬಲ್ಲ ಗುರು ಅಲ್ಲಿರಬೇಕು. 129ನೆಯ ವಿಧಿ ಕೇಳುವುದು ಅವನನ್ನೇ.

ಎರಡು ವಾರಗಳ ನಂತರ ಮುಯಿರೆಡಾಕ್ ಶಿಲುಬೆಯ ದೊಡ್ಡ ಚಿತ್ರವೊಂದನ್ನು ಮುದ್ರಿಸಿಕೊಂಡು ಕಾಮಾಕ್ಷಿಪಾಳ್ಯಕ್ಕೆ ಹೋದೆ. ಮೇಸ್ತ್ರಿ ಕೈಯೊರೆಸಿಕೊಂಡು ಅದನ್ನು ಬಹಳ ಹೊತ್ತು ನೋಡಿದರು. ವೃತ್ತವನ್ನು ಸೂರ್ಯನೆಂದೂ ನಿತ್ಯತೆಯೆಂದೂ ವ್ಯಾಖ್ಯಾನಿಸುವವರಿದ್ದಾರೆಂದು ನಾನು ಹೇಳಲು ಆರಂಭಿಸಿದ್ದೆ. ಅವರು ತಲೆಯಾಡಿಸಿ, "ಕಲ್ಲಿನ ತೋಳು ಮುರಿದು ಬೀಳದಿರಲಿ ಅಂತ ಕೊಟ್ಟ ಆಸರೆ ಫಾದರ್ ಇದು. ಕಬ್ಬಿಣಕ್ಕೆ ಇದು ಬೇಕೇ ಇರಲಿಲ್ಲ" ಎಂದರು. ಕಲ್ಲಿನ ಶಿಲುಬೆಗಳನ್ನು ಅಭ್ಯಸಿಸಿದ ವಿದ್ವಾಂಸರಲ್ಲಿ ಹಲವರು ಹೇಳುವುದೂ ಅದನ್ನೇ. ಗೇಟು ಹಿಂದಿನ ವಾರವೇ ಕೆಂಗೇರಿಗೆ ಹೋಗಿತ್ತು. ಬೇಕಿಲ್ಲದಿದ್ದರೆ ತಾವಾಗಿ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದಕ್ಕೆ, ಅವರು ಸೀಮೆಸುಣ್ಣ ತೆಗೆದುಕೊಂಡು ಅಂಗಡಿಯ ನೆಲದ ಮೇಲೆ ಗೆರೆ ಎಳೆಯತೊಡಗಿದರು.